ಕಾಡಿನ ಮೊಕ್ತೇಸರನಿಗೆ ಪಾಲುದಾರನೇಕೆ?

ಶ್ರೀ ಸಮ್ಮೇದ ಶಿಖರ್ಜಿಯ ವಿಷಯದಲ್ಲಿ ನಮ್ಮ ಸಮಾಜವು 2022ರ ಡಿಸೆಂಬರ್ ಮತ್ತು 2023ರ ಜನವರಿ ತಿಂಗಳುಗಳಲ್ಲಿ ತೋರಿದ ಒಗ್ಗಟ್ಟು ಓದುಗರೆಲ್ಲರ ನೆನಪಿನಲ್ಲಿರುವುದು. ಅದೇ ಬೆಟ್ಟದ ಹಕ್ಕಿಗಾಗಿ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಎದುರುಬದುರಾಗಿ ನಿಂತ ದಿಗಂಬರರೂ ಶ್ವೇತಾಂಬರರೂ ಅಂದು ಒಂದೇ ಮೆರವಣಿಗೆಯಲ್ಲಿ ನಡೆದರು. ಮುನಿಗಳೊಬ್ಬರು ಉಪವಾಸವಿದ್ದು ಜಯಪುರದಲ್ಲಿ ದೇಹತ್ಯಾಗ ಮಾಡಿದರು. ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯವು 2019ರ ಆಗಸ್ಟ್‌ನಲ್ಲಿ ಪಾರಸನಾಥ ಮತ್ತು ತೋಪಚಾಂಚಿ ವನ್ಯಧಾಮಗಳ ಸುತ್ತ ಹೊರಡಿಸಿದ್ದ ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶವಿತ್ತು. 2023ರ ಜನವರಿ 5ರಂದು ಆ ಭಾಗಕ್ಕೆ ತಡೆ ಬಿದ್ದಿತು. ಇಪ್ಪತ್ತು ತೀರ್ಥಂಕರರು ಮೋಕ್ಷ ಹೊಂದಿದ ಗಿರಿಯಲ್ಲಿ ವಿಹಾರಪ್ರಿಯರ ಮೋಜು ಸಲ್ಲದೆಂಬ ನಮ್ಮ ವಾದವನ್ನು ಸರ್ಕಾರವು ಮನ್ನಿಸಿತು. ಇಷ್ಟೂ ಸಂತೋಷದ ಸಂಗತಿಯೇ.

ಆದರೆ ಆ ಸಂತೋಷದ ನಂತರ ನಮ್ಮ ಪತ್ರಿಕೆಗಳೂ ಟ್ರಸ್ಟುಗಳೂ ತಳೆದ ಮೌನವು ವಿಚಾರಣೀಯವಾಗಿದೆ. ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ವಸತಿಗೃಹ, ಸಫಾರಿ, ಉಪಾಹಾರ ಮಂದಿರ, ಕೆಲವೆಡೆ ಆಡಳಿತವನ್ನೇ ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ವೆಂಬ ಸೊಗಸಾದ ಹೆಸರಿನಡಿ ವ್ಯಾಪಾರಿಗಳಿಗೆ ಒಪ್ಪಿಸಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ವಿಷಯದಲ್ಲಿ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಹೇಳುವುದೇನೂ ಇಲ್ಲವೆ? ಹೇಳುವುದಿರಲಿ, ನಮ್ಮಲ್ಲಿ ಅನುಕೂಲಸ್ಥರಾದ ಅನೇಕರು ಕಾಡಿನಂಚಿನ ರೆಸಾರ್ಟನ್ನು ಚಿನ್ನಕ್ಕಿಂತ ಭದ್ರವಾದ ಹೂಡಿಕೆಯೆಂದು ಬಗೆದಿರುವರು. ಪಾರಸನಾಥದಲ್ಲಿ ಅಧರ್ಮವಾದುದು ನಾಗರಹೊಳೆಯಲ್ಲಿ ಧರ್ಮವಾಗುವ ಬಗೆ ಹೇಗೆಂಬುದನ್ನು ಅವರು ವಿವರಿಸಿದರೆ ಉಪಕಾರವಾದೀತು.

ಮೊದಲು ‘ಸಹಭಾಗಿತ್ವ’ವೆಂಬ ಪದವನ್ನೇ ನೋಡೋಣ. ವ್ಯಾಪಾರಸ್ಥರಾದ ನಮಗೆ ಪಾಲುದಾರಿಕೆಯೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 4ನೆಯ ಕಲಮಿನ ತಾತ್ಪರ್ಯವಿಷ್ಟೆ: ಒಂದು ವ್ಯವಹಾರದಿಂದ ಬರುವ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಣ ಸಂಬಂಧವೇ ಪಾಲುದಾರಿಕೆ. ಲಾಭವಿಲ್ಲದೆ ಪಾಲಿಲ್ಲ, ವ್ಯವಹಾರವಿಲ್ಲದೆ ಲಾಭವಿಲ್ಲ. ಆದುದರಿಂದ ಸರ್ಕಾರವು ಅರಣ್ಯದ ವಿಷಯದಲ್ಲಿ ಒಬ್ಬ ಪಾಲುದಾರನನ್ನು ಕರೆತರುವ ಕ್ಷಣದಲ್ಲಿಯೇ ಅರಣ್ಯವನ್ನು ವ್ಯವಹಾರವೆಂದು ಒಪ್ಪಿಕೊಂಡಂತಾಯಿತು. ಉಳಿದ ವಾದಗಳೆಲ್ಲ ಇದರ ಮೇಲೆ ಕಟ್ಟಿದ ಉಪ್ಪರಿಗೆ ಮಾತ್ರ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಪಾಲು ಕೊಡಲು ಸರ್ಕಾರಕ್ಕೆ ಆ ಸೊತ್ತು ಸ್ವಂತದ್ದೆ?

ಈ ತ್ರೈಮಾಸಿಕವನ್ನು ಓದುವವರಲ್ಲಿ ಬಸದಿಗಳ ಮೊಕ್ತೇಸರರು ಬಹುಮಂದಿ ಇರುವರು. ಅವರು ತಮ್ಮ ಅನುಭವದಿಂದಲೇ ಉತ್ತರ ಹೇಳಬಲ್ಲರು. ಬಸದಿಯ ಮಾಡು ಸೋರಿದರೆ ಮೊಕ್ತೇಸರನು ಬಡಗಿಯನ್ನು ಕರೆಯಿಸಿ ಕೂಲಿ ಕೊಡುವನು. ಪೂಜೆಗೆ ಪುರೋಹಿತರನ್ನೂ ಲೆಕ್ಕಕ್ಕೆ ಗುಮಾಸ್ತನನ್ನೂ ನೇಮಿಸುವನು. ದೊಡ್ಡ ಕೆಲಸವಿದ್ದರೆ ಟೆಂಡರು ಕರೆಯುವನು. ಇವರೆಲ್ಲರೂ ಖಾಸಗಿಯವರೇ, ಅದರಲ್ಲಿ ದೋಷವಿಲ್ಲ. ಆದರೆ ಅದೇ ಮೊಕ್ತೇಸರನು ಒಬ್ಬ ಹೋಟೆಲಿನ ಧಣಿಯನ್ನು ಕರೆದು, “ಬಸದಿಯ ಪ್ರಾಕಾರದೊಳಗೆ ಹತ್ತು ಕೋಣೆ ಕಟ್ಟಿಕೊಳ್ಳಿ, ದರ್ಶನಕ್ಕೆ ಬಂದವರಿಂದ ನಿಮಗೆ ತೋಚಿದಷ್ಟು ವಸೂಲು ಮಾಡಿ, ವರ್ಷಾಂತ್ಯದಲ್ಲಿ ನಮಗಿಷ್ಟು ನಿಮಗಿಷ್ಟು” ಎಂದರೆ ಊರಿನ ಶ್ರಾವಕರು ಸುಮ್ಮನಿರುವರೆ? ದೇವದ್ರವ್ಯದ ಒಂದು ಕಾಳು ಅಕ್ಕಿ ಮನೆಗೆ ಬಂದರೂ ನಿರ್ಮಾಲ್ಯದೋಷವೆಂದು ನಡುಗುವ ಸಮಾಜ ನಮ್ಮದು. ವಿಶ್ವಸ್ತನು ತನ್ನ ಹೊಣೆಯನ್ನು ಪರರಿಗೆ ವಹಿಸಿಬಿಡಲಾಗದೆಂದೂ ಟ್ರಸ್ಟಿನ ಸೊತ್ತನ್ನು ಸ್ವಂತ ಲಾಭಕ್ಕೆ ಬಳಸಲಾಗದೆಂದೂ 1882ರ ಟ್ರಸ್ಟ್ ಕಾಯ್ದೆಯ 47 ಮತ್ತು 51ನೆಯ ಕಲಮುಗಳು ವಿಧಿಸಿವೆ. ಆ ಕಾಯ್ದೆಯು ಖಾಸಗಿ ಟ್ರಸ್ಟುಗಳಿಗೆಂದು ಮಾಡಿದುದಾದರೂ ಅದರ ತತ್ತ್ವವು ಎಲ್ಲ ವಿಶ್ವಸ್ತರಿಗೂ ಸಮಾನ.

ಅರಣ್ಯದ ವಿಷಯದಲ್ಲಿ ಸರ್ಕಾರವು ಮಾಲಿಕನಲ್ಲ, ವಿಶ್ವಸ್ತನು ಮಾತ್ರವೆಂಬುದು ಈ ಲೇಖಕನ ಕಲ್ಪನೆಯಲ್ಲ. ಹಿಮಾಚಲ ಪ್ರದೇಶದ ಕುಲು-ಮನಾಲಿ ಕಣಿವೆಯಲ್ಲಿ ಬಿಯಾಸ್ ನದಿಯ ದಡದ ಅರಣ್ಯಭೂಮಿಯನ್ನು ಸ್ಪ್ಯಾನ್ ಮೋಟೆಲ್ಸ್ ಎಂಬ ಸಂಸ್ಥೆಗೆ ಗುತ್ತಿಗೆ ಕೊಡಲಾಗಿತ್ತು. ನದಿಯು ತನ್ನ ಕಟ್ಟಡವನ್ನು ಕೊಚ್ಚಿಕೊಂಡು ಹೋದೀತೆಂದು ಆ ಸಂಸ್ಥೆಯು ಯಂತ್ರಗಳನ್ನು ತರಿಸಿ ನದಿಯ ಪಾತ್ರವನ್ನೇ ತಿರುಗಿಸಹೊರಟಿತು. ಅತಿಥಿಗೃಹವು ಪಕ್ಕಕ್ಕೆ ಸರಿಯಲಿಲ್ಲ, ನದಿಯೇ ಸರಿಯಬೇಕಾಯಿತು! ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್‌ನಲ್ಲಿ ಆ ಗುತ್ತಿಗೆಯನ್ನು ರದ್ದುಪಡಿಸಿ, ನದಿ, ಕಾಡು, ಕಡಲತೀರಗಳಂಥ ಪ್ರಾಕೃತಿಕ ಸಂಪತ್ತಿಗೆ ಸರ್ಕಾರವು ಸಾರ್ವಜನಿಕರ ಪರವಾದ ವಿಶ್ವಸ್ತನೆಂದೂ ಅವನ್ನು ಖಾಸಗಿ ಲಾಭಕ್ಕೆ ತಿರುಗಿಸುವಂತಿಲ್ಲವೆಂದೂ ತೀರ್ಪಿತ್ತಿತು.

ನಮ್ಮ ರಾಜ್ಯದ ನಿದರ್ಶನ ಇದಕ್ಕೆ ಸಮಕಾಲೀನವಾದುದು. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್ ಎಂಬ ಸ್ಥಳವನ್ನು ಪ್ರವಾಸಿಗಳ ವಸತಿಗೆಂದು ರಾಜ್ಯ ಸರ್ಕಾರವು ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯವನ್ನು ಹೀಗೆ ಖಾಸಗಿಯವರಿಗೆ ಒಪ್ಪಿಸಿದುದು 1980ರ ಅರಣ್ಯ (ಸಂರಕ್ಷಣೆ) ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ನಿರ್ಣಯಿಸಿತು. ಈ ಮೊಕದ್ದಮೆಯನ್ನು ಹೂಡಿದವರಾರು? ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯವರು. ಒಂದೆಡೆ ಆದಿವಾಸಿಗಳಿಗೆ ಕಾಡಿನಿಂದ ಹೊರಡಿರೆಂದು ಹೇಳುತ್ತ, ಮತ್ತೊಂದೆಡೆ ನಕ್ಷತ್ರ ಹೋಟೆಲಿನವರಿಗೆ ಬನ್ನಿರೆಂದು ಬಾಗಿಲು ತೆರೆಯುವುದು ಯಾವ ನ್ಯಾಯವೆಂದು ಅವರು ಕೇಳಿದರು. ಜೇನುಕುರುಬರೂ ಯರವರೂ ಕೈಯಲ್ಲಿ ಕಾಸಿಲ್ಲದೆ ಕೇಳಿದ ಪ್ರಶ್ನೆಯನ್ನು ಲಕ್ಷಾಂತರ ರೂಪಾಯಿಗಳ ಜೀವದಯಾ ನಿಧಿಗಳನ್ನಿಟ್ಟುಕೊಂಡ ನಮ್ಮ ಸಂಸ್ಥೆಗಳು ಕೇಳಬಹುದಿತ್ತು.

ಆ ತೀರ್ಪಿಗೆ ಇದ್ದ ಒಂದು ಆಧಾರ: ಕಾಡಿನಲ್ಲಿ ವಸತಿಗೃಹ ನಡೆಸುವುದು ಅರಣ್ಯೇತರ ಬಳಕೆ. ಈಗ ಆ ಆಧಾರಕ್ಕೇ ಕೊಡಲಿಯೇಟು ಬಿದ್ದಿದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅರಣ್ಯದ ಕಾರ್ಯಯೋಜನೆಯಲ್ಲಿ ಅಥವಾ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲಿ ಸೇರಿಸಲ್ಪಟ್ಟ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳು ಅರಣ್ಯೇತರ ಬಳಕೆಯೆಂದು ಎಣಿಸಲ್ಪಡುವುದಿಲ್ಲ. ಕಾನೂನಿನ ಭಾಷೆಯಲ್ಲಿ ಹೋಟೆಲಿನ ಕೋಣೆಯೂ ಇನ್ನು ಕಾಡೇ ಆಗಬಹುದು. ರಕ್ಷಿತ ಪ್ರದೇಶಗಳ ಹೊರಗಣ ಕಾಡುಗಳಲ್ಲಿ ಸರ್ಕಾರಿ ಒಡೆತನದ ಮೃಗಾಲಯ, ಸಫಾರಿಗಳಿಗೂ ಇದೇ ವಿನಾಯಿತಿ ದೊರೆಯಿತು. ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ, ತನ್ನ ಅನುಮತಿಯಿಲ್ಲದೆ ಅಂಥ ಹೊಸ ಮೃಗಾಲಯ, ಸಫಾರಿಗಳನ್ನು ಆರಂಭಿಸಕೂಡದೆಂದು ತಡೆಯೊಡ್ಡಿತು. ವಿಶ್ವಸ್ತನ ಕೈಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಎಷ್ಟು ಕಾಲ ನ್ಯಾಯಾಧೀಶರಿಗೇ ಬಿಟ್ಟಿರೋಣ?

ಪಾಲುದಾರನು ದುಷ್ಟನೆಂದು ಇಲ್ಲಿ ವಾದಿಸುತ್ತಿಲ್ಲ. ಅವನು ಸಜ್ಜನನೇ ಇರಬಹುದು. ಸಜ್ಜನನಾದ ವ್ಯಾಪಾರಿಯೂ ವ್ಯಾಪಾರಿಯಂತೆಯೇ ವರ್ತಿಸುವನು, ವರ್ತಿಸಲೂ ಬೇಕು. ಸಾಲ ತಂದು ಕೋಣೆ ಕಟ್ಟಿದವನಿಗೆ ಬಡ್ಡಿಯ ಗಡಿಯಾರವು ರಾತ್ರಿ ಹಗಲೆನ್ನದೆ ಓಡುತ್ತಿರುವುದು. ಕೋಣೆಗಳು ತುಂಬಿರಬೇಕು, ತುಂಬಬೇಕಾದರೆ ಬಂದವರಿಗೆ ಹುಲಿ ಕಾಣಿಸಬೇಕು, ಕಾಣಿಸಬೇಕಾದರೆ ಜೀಪುಗಳು ಹೆಚ್ಚಬೇಕು, ದಾರಿಗಳು ಹೆಚ್ಚಬೇಕು, ಕೆರೆಯ ದಂಡೆಯ ಪೊದೆ ಸವರಬೇಕು. ಮರಿಹಾಕಿದ ತಾಯಿ ಹುಲಿಗೆ ಏಕಾಂತ ಬೇಕೆಂಬುದು ಅವನ ಖತಾವಣಿಯಲ್ಲಿ ಯಾವ ಶೀರ್ಷಿಕೆಗೂ ಸೇರದು. ಲೆಕ್ಕಶಾಸ್ತ್ರ ಓದಿದವರು ಇನ್ನೊಂದನ್ನು ಗಮನಿಸಬೇಕು. ಹೋಟೆಲಿನವನು ಕಟ್ಟಡಕ್ಕೂ ಜೀಪಿಗೂ ವರ್ಷವರ್ಷವೂ ಸವಕಳಿ ಬರೆಯುವನು. ತುಳಿತಕ್ಕೊಳಗಾದ ಹುಲ್ಲುಗಾವಲಿನ ಸವಕಳಿಯನ್ನು ಯಾರ ಪುಸ್ತಕದಲ್ಲಿ ಬರೆಯುವರು? ಅಸಲನ್ನು ತಿಂದು ಅದನ್ನೇ ಲಾಭವೆಂದು ಹಂಚಿಕೊಳ್ಳುವ ಅಂಗಡಿಯ ಗತಿ ನಮ್ಮಲ್ಲಿ ಯಾರಿಗೆ ತಿಳಿಯದು?

ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದ ನಂತರ, 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿಯ ಪತ್ತೆಗೆ ನಿಯೋಜಿಸಲು ಆದೇಶಿಸಿತು. ಆ ಆದೇಶದಿಂದ ಎಷ್ಟು ಪ್ರಯೋಜನವಾಯಿತೆಂಬುದು ಬೇರೆಯ ಚರ್ಚೆ. ಇಲ್ಲಿ ಮುಖ್ಯವಾದುದು, ಒಂದು ದಿನದೊಳಗೆ ನಿಲ್ಲಿಸುವ ಅಧಿಕಾರವು ಸರ್ಕಾರದ ಕೈಯಲ್ಲಿತ್ತು ಎಂಬುದು. ಸಫಾರಿಯೇ ಮೂವತ್ತು ವರ್ಷಗಳ ಸಹಭಾಗಿತ್ವದ ಕರಾರಿಗೆ ಒಳಪಟ್ಟಿದ್ದರೆ ಹಾಗೆ ನಿಲ್ಲಿಸುವುದು ಸುಲಭವಿತ್ತೆ? ನಷ್ಟ ಪರಿಹಾರದ ಕಲಮು, ಮಧ್ಯಸ್ಥಗಾರರ ನೇಮಕದ ಕಲಮು, ತಡೆಯಾಜ್ಞೆಯ ಅರ್ಜಿ ಇವೆಲ್ಲವೂ ಹುಲಿಗಿಂತ ಮೊದಲೇ ಹಾಜರಾಗುತ್ತಿದ್ದವು.

ಇಂಥ ಕರಾರುಗಳು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಒಂದು ವೃತ್ತಾಂತವನ್ನು ವ್ಯಾಪಾರಸ್ಥರು ಅವಶ್ಯವಾಗಿ ತಿಳಿಯಬೇಕು. ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆ ಹುಟ್ಟಿದುದೇ ಆ ದೇಶದಲ್ಲಿ. ಉದ್ಯಾನದೊಳಗಿನ ಹೋಟೆಲುಗಳನ್ನು ಖಾಸಗಿಯವರಿಂದ ನಡೆಸುವ ಪದ್ಧತಿಯೂ ಅಲ್ಲಿ ಹಳೆಯದು. ಯೊಸೆಮಿಟಿ ಉದ್ಯಾನದ ವಸತಿಗೃಹಗಳನ್ನು 1993ರಿಂದ ಡೆಲವೇರ್ ನಾರ್ತ್ ಎಂಬ ಸಂಸ್ಥೆಯು ನಡೆಸುತ್ತಿತ್ತು. 2015ರಲ್ಲಿ ಹೊಸ ಕರಾರು ಆರಾಮಾರ್ಕ್ ಎಂಬ ಇನ್ನೊಂದು ಸಂಸ್ಥೆಗೆ ಹೋಯಿತು. ಹೊರಡಬೇಕಾದ ಸಂಸ್ಥೆಯು ಆಗ ತನ್ನ ಪೆಟ್ಟಿಗೆಯಿಂದ ಒಂದು ಕಾಗದವನ್ನು ತೆಗೆಯಿತು. ಉದ್ಯಾನದ ಹೆಸರಾಂತ ಸ್ಥಳಗಳ ಹೆಸರುಗಳೆಲ್ಲ ತನ್ನ ವ್ಯಾಪಾರಮುದ್ರೆಗಳೆಂದು ಅದು ನೋಂದಾಯಿಸಿಕೊಂಡಿತ್ತು! 1927ರಲ್ಲಿ ಆರಂಭವಾದ ಅಹ್ವಾಹ್ನಿ ಹೋಟೆಲಿನ ಹೆಸರು, ಕರಿ ವಿಲೇಜಿನ ಹೆಸರು, ಅಷ್ಟೇಕೆ, ಅಂಗಿ ಪಿಂಗಾಣಿಗಳ ಮೇಲೆ ಮುದ್ರಿಸುವ ಮಟ್ಟಿಗೆ ‘ಯೊಸೆಮಿಟಿ ರಾಷ್ಟ್ರೀಯ ಉದ್ಯಾನ’ವೆಂಬ ಹೆಸರು ಕೂಡ. ಈ ಹೆಸರುಗಳೂ ಇತರ ಸ್ವತ್ತುಗಳೂ ಸೇರಿ ಸುಮಾರು 5 ಕೋಟಿ 10 ಲಕ್ಷ ಡಾಲರು ಬೆಲೆಬಾಳುವುವೆಂದು ದಾವೆ ಹೂಡಿತು. 1993ರಲ್ಲಿ ಹಿಂದಿನ ಸಂಸ್ಥೆಯಿಂದ ತಾನು ಇವನ್ನು ಹಣ ತೆತ್ತು ಕೊಂಡುದಾಗಿ ಅದರ ವಾದ. ಸರ್ಕಾರಕ್ಕೆ ಬೇರೆ ದಾರಿ ತೋಚದೆ 2016ರ ಮಾರ್ಚ್‌ನಲ್ಲಿ ಫಲಕಗಳನ್ನು ಬದಲಾಯಿಸಿ ಹೋಟೆಲಿಗೆ ಬೇರೊಂದು ಹೆಸರಿಟ್ಟಿತು. 2019ರ ಜುಲೈಯಲ್ಲಿ 1 ಕೋಟಿ 20 ಲಕ್ಷ ಡಾಲರಿಗೆ ರಾಜಿಯಾಗಿ ಹಳೆಯ ಹೆಸರುಗಳು ಮರಳಿದವು. ಆ ಮೊತ್ತದಲ್ಲಿ ಒಂದು ಭಾಗವು ಸರ್ಕಾರದ ಬೊಕ್ಕಸದಿಂದಲೇ ಹೋಯಿತು.

ನಮ್ಮ ವೃತ್ತಿಯಲ್ಲಿ ಇದನ್ನು ಗುಡ್‌ವಿಲ್ ಎನ್ನುವೆವು. ಅಂಗಡಿ ನಡೆಸಿ ಗಳಿಸಿದ ಹೆಸರಿಗೆ ಬೆಲೆಯಿದೆ, ಸರಿ. ಆದರೆ ಯೊಸೆಮಿಟಿಯ ಬಂಡೆಗಳನ್ನೂ ಜಲಪಾತಗಳನ್ನೂ ಆ ಸಂಸ್ಥೆ ನಿರ್ಮಿಸಿರಲಿಲ್ಲ. ಅಹ್ವಾಹ್ನಿಯೆಂಬ ಶಬ್ದವಂತೂ ಆ ಕಣಿವೆಯ ಮೂಲನಿವಾಸಿಗಳದು. ಅವರಿಂದ ಕಣಿವೆಯೂ ಹೋಯಿತು, ಅವರ ಮಾತು ಪೇಟೆಯಲ್ಲಿ ಬೆಲೆಕಟ್ಟಿಸಿಕೊಂಡಿತು. ಕಾನೂನು ಬಿಗಿಯಾಗಿಯೂ ನ್ಯಾಯಾಲಯಗಳು ಚುರುಕಾಗಿಯೂ ಇರುವ ಶ್ರೀಮಂತ ದೇಶವೊಂದು ತನ್ನ ಪಾಲುದಾರನಿಂದ ತನ್ನದೇ ಹೆಸರನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತೆಂದ ಮೇಲೆ, ಟೆಂಡರಿನ ಕಾಗದವೇ ಕಚೇರಿಯಿಂದ ಕಾಣೆಯಾಗುವ ನಮ್ಮ ದೇಶದ ಪಾಡನ್ನು ಓದುಗರೇ ಊಹಿಸಲಿ.

ಪ್ರತಿಪಕ್ಷದ ಮಾತನ್ನೂ ಆಲಿಸಬೇಕಾದುದು ಅನೇಕಾಂತವಾದಿಗಳ ಕರ್ತವ್ಯ. ಸರ್ಕಾರದಲ್ಲಿ ಹಣವಿಲ್ಲ, ಅರಣ್ಯ ಇಲಾಖೆಯಲ್ಲಿ ದಕ್ಷತೆಯಿಲ್ಲ, ಆಫ್ರಿಕದಲ್ಲಿ ಖಾಸಗಿ ಸಂಸ್ಥೆಗಳು ಕಾಡುಗಳನ್ನು ಉಳಿಸಿವೆ ಎಂದು ಅವರು ಹೇಳುವರು. ಮಲಾವಿ ದೇಶದ ಮಜೇಟೆ ವನ್ಯಧಾಮವನ್ನು ಅವರು ಎತ್ತಿ ತೋರುವರು. ಬೇಟೆಗಾರರ ಕೈಗೆ ಸಿಕ್ಕಿ ಆನೆ, ಖಡ್ಗಮೃಗ, ಸಿಂಹಗಳು ನಿರ್ನಾಮವಾಗಿದ್ದ ಆ ಕಾಡನ್ನು 2003ರಲ್ಲಿ ಆಫ್ರಿಕನ್ ಪಾರ್ಕ್ಸ್ ಎಂಬ ಸಂಸ್ಥೆಯು ವಹಿಸಿಕೊಂಡಿತು. ಇಂದು ಆ ಪ್ರಾಣಿಗಳೆಲ್ಲ ಅಲ್ಲಿ ಮತ್ತೆ ನೆಲೆಸಿವೆ. ಇದು ಸತ್ಯ, ಶ್ಲಾಘನೀಯವೂ ಹೌದು. ಆದರೆ ಆ ಸಂಸ್ಥೆಯು ಲಾಭ ಹಂಚುವ ಕಂಪನಿಯಲ್ಲ. ಬಹುಮಟ್ಟಿಗೆ ದಾನಿಗಳ ಹಣದಿಂದ ನಡೆಯುವ ಧರ್ಮಸಂಸ್ಥೆ. ಮಜೇಟೆಯನ್ನು ಉಳಿಸಿದುದು ಪಾಲುದಾರಿಕೆಯಲ್ಲ, ದಾನ. ದಾನವನ್ನು ಬೇಡವೆಂದವರಾರು? ಅದೇ ಸಂಸ್ಥೆಯ ಇನ್ನೊಂದು ಮುಖವೂ ಇದೆ. ಕಾಂಗೋ ಗಣರಾಜ್ಯದ ಓಡ್ಜಾಲಾ-ಕೊಕುವಾ ಉದ್ಯಾನದಲ್ಲಿ ಅದರ ಕಾವಲುಗಾರರು ಬಾಕಾ ಎಂಬ ಆದಿವಾಸಿಗಳನ್ನು ಹಿಂಸಿಸಿದರೆಂಬ ಆರೋಪ ಬಂದು, ವಿಚಾರಣೆಯ ನಂತರ 2025ರಲ್ಲಿ ಕೆಲವು ಪ್ರಕರಣಗಳಲ್ಲಿ ಹಾಗಾದುದು ನಿಜವೆಂದು ಸಂಸ್ಥೆಯೇ ಒಪ್ಪಿಕೊಂಡಿತು. ದಾನಧರ್ಮದ ಸಂಸ್ಥೆಯ ಕೈಯಲ್ಲಿಯೇ ಲಾಠಿ ಹೀಗೆ ವರ್ತಿಸಿದರೆ ಲಾಭದ ಸಂಸ್ಥೆಯ ಕೈಯಲ್ಲಿ ಹೇಗೆ ವರ್ತಿಸೀತು?

ಹಣದ ಮಾತಿಗೆ ಉತ್ತರ ನಮ್ಮ ಕಾಯ್ದೆಯಲ್ಲಿಯೇ ಇದೆ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಪ್ರತಿಯೊಂದು ಹುಲಿ ಮೀಸಲು ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನವಿರಬೇಕು. ಪ್ರವಾಸಿಗಳ ಪ್ರವೇಶಶುಲ್ಕವು ಅದಕ್ಕೆ ಸೇರಬಹುದು, ದಾನಗಳನ್ನೂ ಅದು ಸ್ವೀಕರಿಸಬಹುದು. ನಮ್ಮ ಎಷ್ಟು ಟ್ರಸ್ಟುಗಳು ಅದಕ್ಕೆ ಒಂದು ರೂಪಾಯಿಯನ್ನಾದರೂ ಕೊಟ್ಟಿವೆ? ಇಲಾಖೆಯ ಅದಕ್ಷತೆಯೂ ನಿಜವೇ. ಮೊಕ್ತೇಸರನು ಸೋಮಾರಿಯಾದರೆ ಅವನನ್ನು ಎಚ್ಚರಿಸಬೇಕು, ಇಲ್ಲವೆ ಬದಲಾಯಿಸಬೇಕು. ಬಸದಿಯನ್ನು ಅಡವಿಡುವುದು ಪರಿಹಾರವಲ್ಲ. ಇನ್ನು ಸರ್ಕಾರಿ ಕಂಪನಿಗಳು ನಿರ್ದೋಷಿಗಳೆಂದೂ ಭಾವಿಸಬಾರದು. ನಮ್ಮ ಜಂಗಲ್ ಲಾಡ್ಜಸ್ ಸಂಸ್ಥೆಯು 1980ರಲ್ಲಿ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಪಾಲುದಾರಿಕೆಯಲ್ಲಿ ಹುಟ್ಟಿ, 1987ರಿಂದ ಪೂರ್ಣವಾಗಿ ಸರ್ಕಾರದ್ದಾಯಿತು. ಪಾಲುದಾರನು ಹೋದ ಮಾತ್ರಕ್ಕೆ ಲಾಭದ ಹಂಬಲವೂ ಅವನೊಡನೆ ಹೋಗುವುದಿಲ್ಲವೆಂಬುದನ್ನು ಅಲ್ಲಿನ ಕೋಣೆಯ ಬಾಡಿಗೆಯ ಪಟ್ಟಿಯೇ ಸಾರುತ್ತದೆ. ಆದರೂ ಸರ್ಕಾರಿ ಸಂಸ್ಥೆಯನ್ನು ವಿಧಾನಸಭೆಯಲ್ಲಿ ಪ್ರಶ್ನಿಸಬಹುದು. ಪಾಲುದಾರನ ಲೆಕ್ಕಪುಸ್ತಕವನ್ನು ಪ್ರಶ್ನಿಸಿದರೆ ಅದು ವ್ಯಾಪಾರರಹಸ್ಯವೆಂಬ ಉತ್ತರ ಬರುವುದು.

ಶ್ರಾವಕಾಚಾರದ ದೃಷ್ಟಿಯಿಂದ ಎರಡು ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವರು: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ಮೊದಲನೆಯದನ್ನು ಲೋಭದಿಂದ ಎತ್ತು ಮುಂತಾದವುಗಳನ್ನು ಶಕ್ತಿಮೀರಿ ನಡೆಸುವುದೆಂದು ಅರ್ಥೈಸುವರು. ಸಫಾರಿಯಲ್ಲಿ ಎತ್ತು ಇಲ್ಲ. ಆದರೆ ಹತ್ತು ಜೀಪುಗಳ ನಡುವೆ ಸಿಕ್ಕಿದ ಹುಲಿಯು ದುಡಿಯುತ್ತಿಲ್ಲವೆ? ನೊಗವಿಲ್ಲದ ದುಡಿಮೆ ಅದು, ಗಳಿಕೆ ಬೇರೆಯವರದು. ಅತಿವಿಸ್ಮಯವೆಂದರೆ ಪರರ ಲಾಭವನ್ನು ಕಂಡು ಬೆರಗಾಗಿ ಕೊರಗುವುದು. ನೆರೆಯವನು ಕಬಿನಿಯ ಹಿನ್ನೀರಿನ ದಂಡೆಯಲ್ಲಿ ಕೋಣೆ ಕಟ್ಟಿ ಹಣ ಮಾಡಿದನೆಂದು ತಾನೂ ಅತ್ತ ಧಾವಿಸುವ ನಮ್ಮ ತರುಣರಿಗೆ ಈ ಶಬ್ದವನ್ನು ವಿವರಿಸಿ ಹೇಳಬೇಕಾಗಿದೆ. ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು: ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ಸಸ್ಯವನ್ನು ಕಡಿಯುವುದು, ಸುಮ್ಮನೆ ತಿರುಗುವುದು, ತಿರುಗಿಸುವುದು. ತಿರುಗುವವನು ಪ್ರವಾಸಿ, ತಿರುಗಿಸುವವನು ಉದ್ಯಮಿ. ಆಚಾರ್ಯರು ಇಬ್ಬರನ್ನೂ ಬಿಟ್ಟಿಲ್ಲ.

ಶಿಖರ್ಜಿಯ ವಿಷಯಕ್ಕೆ ಮರಳಿದರೆ ಅಲ್ಲಿ ಒಂದು ಇರಿಸುಮುರಿಸಿನ ಸಂಗತಿಯಿದೆ. ನಮಗೆ ಪಾರಸನಾಥವಾದ ಗಿರಿಯು ಸಂತಾಲರಿಗೆ ಮರಾಂಗ್ ಬುರು, ಅವರ ಪರಮದೈವ. 2023ರ ಆದೇಶದಲ್ಲಿ ಉಸ್ತುವಾರಿ ಸಮಿತಿಗೆ ಜೈನ ಸಮಾಜದಿಂದ ಇಬ್ಬರನ್ನೂ ಸ್ಥಳೀಯ ಬುಡಕಟ್ಟಿನಿಂದ ಒಬ್ಬರನ್ನೂ ಸೇರಿಸಿಕೊಳ್ಳಲು ಸೂಚಿಸಲಾಯಿತು. ಬೆಟ್ಟದಲ್ಲಿ ವಾಸಿಸುವವರಿಗೆ ಒಂದು ಸ್ಥಾನ, ವರ್ಷಕ್ಕೊಮ್ಮೆ ವಂದನೆಗೆ ಹೋಗುವವರಿಗೆ ಎರಡು. ನಮ್ಮ ಪವಿತ್ರತೆಯನ್ನು ರಕ್ಷಿಸಿಕೊಂಡು ಉಳಿದ ಕಾಡುಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡರೆ, ಅಂದು ನಾವು ಆಡಿದುದು ಅಹಿಂಸೆಯ ಮಾತೋ ಆಸ್ತಿಯ ಮಾತೋ ಎಂದು ಅವರು ಕೇಳಿಯಾರು. ಮಧುಬನದ ಬುಡದಲ್ಲಿ ಧರ್ಮಶಾಲೆಗಳು ಮಹಡಿಯ ಮೇಲೆ ಮಹಡಿ ಏರಿಸುತ್ತಿರುವುದನ್ನು ನೋಡಿದವರು ಈ ಪ್ರಶ್ನೆಗೆ ಉತ್ತರ ಹೇಳಲು ತಡವರಿಸುವರು.

ಆದುದರಿಂದ ಬಸದಿಗಳ ಹಾಗೂ ಕ್ಷೇತ್ರಗಳ ಆಡಳಿತ ಮಂಡಳಿಯವರಲ್ಲಿ ನಿವೇದನೆ. ಟ್ರಸ್ಟಿನ ಹಣವಾಗಲಿ ಭೂಮಿಯಾಗಲಿ ರಾಷ್ಟ್ರೀಯ ಉದ್ಯಾನಗಳ ಒಳಗೆ ಅಥವಾ ಅಂಚಿನಲ್ಲಿ ನಡೆಯುವ ಯಾವ ವಿಹಾರೋದ್ಯಮಕ್ಕೂ ಸಲ್ಲಕೂಡದೆಂದು ನಿರ್ಣಯವಾಗಲಿ. ತೀರ್ಥಯಾತ್ರೆಯ ಬಸ್ಸಿಗೆ ಸಫಾರಿಯನ್ನು ಪೋಣಿಸುವ ಹೊಸ ಪದ್ಧತಿ ನಿಲ್ಲಲಿ. ಉದ್ಯಾನಗಳೊಳಗಿನ ವಸತಿ, ಸಫಾರಿಗಳನ್ನು ಖಾಸಗಿಯವರಿಗೆ ವಹಿಸುವ ಪ್ರಕಟಣೆ ಹೊರಟಾಗಲೆಲ್ಲ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಪ್ರತಿ ಜಿಲ್ಲೆಯಲ್ಲಿ ಒಬ್ಬ ವಕೀಲರನ್ನು ಗೊತ್ತುಮಾಡಲಿ. ಅದರ ವೆಚ್ಚವು ಒಂದು ಪಂಚಕಲ್ಯಾಣದ ಚಪ್ಪರದ ಬಾಡಿಗೆಗಿಂತ ಹೆಚ್ಚಾಗದು. ಬಹುತೇಕ ಟ್ರಸ್ಟುಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನೊಳಗೆ ನಡೆಯುವುವು. ನಿರ್ಣಯದ ಕರಡನ್ನು ಸಿದ್ಧಪಡಿಸಿಟ್ಟಿದೆ. ಬೇಕೆಂದವರು ಸಂಪಾದಕರ ಮೂಲಕ ತರಿಸಿಕೊಳ್ಳಬಹುದು.